ಕೂಸು ಕುಣೀತದ ಅಂತ ಅಂದೆ

ನಾ ಒಂದು ಸಿನಿಮಾದಾಗ ಇದ್ದೀನಿ. ಇದನ್ನ ನಾನಾಗೇ ಯಾರಿಗೂ ಹೇಳೂದಿಲ್ಲ. ನೆಂಟರ ಮದುವಿಯೊಳಗ ಯಾರರೆ "ನೀ ಹುಡುಗ ಇದ್ದಾಗ ಗಿಟಾರ್ ಬಾರಸ್ಕೋತ ಸಿನಿಮಾದಾಗ ಬಂದಿದ್ದ್ಯಂತಲ್ಲೋ?" ಅಂತ ಕೇಳಿದ್ರ, "ಹೌದ್ರಿ, ಆವಾಗಿನ ಹುಚ್ಚು" ಅಂತ ನಕ್ಕು ಊಟದ ಪಂಕ್ತಿ ಕಡೆ ನಡದ್ಬಿಡ್ತೀನಿ. ಕೇಳಿದವ್ರು ವಿನಯ ಅನ್ಕೋತಾರ. ವಿನಯನೂ ಅಲ್ಲ, ಎಂಥದ್ದೂ ಅಲ್ಲ. ನಾಚಿಕಿ.

ಸಿನಿಮಾ ಅಂದ್ರ ಥೇಟರಿಗೆ ಬರೂ ಸಿನಿಮಾ ಅಲ್ಲ. ಸಾಕ್ಷ್ಯಚಿತ್ರ. ಪುಣೆಯ ಒಂದು ರಾಕ್ ಬ್ಯಾಂಡು ತನ್ನ ಮೊದಲನೇ ಆಲ್ಬಮ್ ಹ್ಯಾಂಗ ಮಾಡ್ತು ಅನ್ನೂದರ ಮ್ಯಾಲ ತಗದದ್ದು. ತೊಂಬತ್ತರ ದಶಕ ಮುಗಿಯೂ ಹೊತ್ತು ಅದು. ಆ ಬ್ಯಾಂಡು ನಮ್ಮದು. ನಾಕು ಮಂದಿ ಇದ್ವಿ, ಎಲ್ಲಾರೂ ಒಂದ ಕಾಲೇಜಿನವ್ರು. ನಂದು ಬಾಸ್ ಗಿಟಾರ್. ನಾಕ ತಂತಿ, ನಾಕೂ ದಪ್ಪ. ಅದು ಇಲ್ಲದಿದ್ರ ಹಾಡು ಬೋಳು ಅನಸ್ತದ, ಇದ್ರ ಅದನ್ನ ಯಾರೂ ಕೇಳೂದಿಲ್ಲ. ನನಗ ಅಂಥಾ ಜಾಗಾನ ಬೇಕಾಗಿತ್ತು ಅಂತ ಈಗ ಅನಸ್ತದ.

ಯಾಕಂದ್ರ ನಾ ಅಡಗಿಕೊಳ್ಳೂದರೊಳಗ ಭಾಳ ಶಾಣ್ಯಾ. ನಮ್ಮದು ಧಾರವಾಡದ ಕಡೆ. ಅಪ್ಪಗ ಪುಣೆ ಬಾಜೂಕಿನ ಪಿಂಪ್ರಿ-ಚಿಂಚವಾಡದ ಒಂದು ಕಾರ್ಖಾನಿಯೊಳಗ ಇಂಜಿನಿಯರ್ ನೌಕರಿ ಸಿಕ್ಕಿತ್ತು, ನಾ ಅಲ್ಲೇ ಬೆಳದೆ. ಹೊಸ್ತಿಲದ ಒಳಗ ಕನ್ನಡ, ಹೊಸ್ತಿಲ ದಾಟಿದ್ರ ಮರಾಠಿ. ಇದರಾಗ ಏನೂ ತಪ್ಪಿಲ್ಲ, ಎಲ್ಲಾರೂ ಮಾಡೂದ ಅದು. ಆದ್ರ ನಾ ಐದನೇ ಇಯತ್ತೆಯೊಳಗ ಇದ್ದಾಗ ಒಂದು ದಿನ ಅವ್ವ ಸಾಲಿ ಗೇಟಿನ ಹತ್ರ ನಿಂತು "ಏ ಬಾರೋ, ಹೊತ್ತಾತು" ಅಂತ ಕೂಗಿದ್ಳು. ಬಾಜೂಕ ಇದ್ದ ಹುಡುಗ "ನೀವು ಬಿಗಾರಿ ಮಂದಿ ಏನೋ?" ಅಂತ ಕೇಳ್ದ. ಕೆಟ್ಟ ಮನಸ್ಸಿಲೆ ಕೇಳಿದ್ದಲ್ಲ ಅಂವ. ಅವನ ಮನಿ ಮುಂದ ಕಟ್ಟಡ ಏಳತಿತ್ತು, ಸಿಮೆಂಟ್ ಬುಟ್ಟಿ ಹೊರೂ ಕಲಬುರ್ಗಿ, ಯಾದಗಿರಿ ಕಡೆ ಹೆಣ್ಣಮಕ್ಕಳು ಈ ಮಾತಿನ್ಯಾಗ ಮಾತಾಡೂದನ್ನ ಕೇಳಿದ್ದ. ಅಷ್ಟ. ನಾ "ಛೇ ಛೇ, ಅಲ್ಲ" ಅಂದೆ. ಅವತ್ತಿನಿಂದ ಅವ್ವಗ ಗೇಟಿನ ತನಕ ಬರಬ್ಯಾಡ ಅಂತ ಹೇಳಿಬಿಟ್ಟೆ. ಆಕಿ ಯಾಕ ಅಂತ ಕೇಳಲಿಲ್ಲ, ಮರುದಿನದಿಂದ ಮೂಲಿ ಅಂಗಡಿ ಹತ್ರ ನಿಲ್ಲಾಕ ಸುರು ಮಾಡಿದ್ಳು.

ಆಲ್ಬಮ್ ಮಾಡಿದ್ದು ಪುಣೆ ಅಂಚಿನ ಕಾತ್ರಜದಾಗ. ನಮ್ಮ ಹಾಡಾವನ ಕಾಕಾ ಅಲ್ಲೊಂದು ಬಂಗ್ಲೆ ಕಟ್ಟಿಸಿ, ಇನ್ನೂ ವಾಸಕ್ಕ ಬಂದಿದ್ದಿಲ್ಲ. ಅದರ ಗ್ಯಾರೇಜು ನಮಗ ಸಿಕ್ತು. ಒಳಗಿನ ಗ್ವಾಡಿ ತುಂಬ ಮೊಟ್ಟಿ ಟ್ರೇ ಅಂಟಿಸಿದ್ವಿ, ಷಟರಿಗೆ ಎರಡು ಹಾಸಿಗಿ ಜೋತು ಬಿಟ್ವಿ. ಸೌಂಡ್ ಹೊರಗ ಹೋಗೂದಿಲ್ಲ ಅನ್ನೂ ಭ್ರಮೆ. ಮುಂದ ಹಾಯ್ವೇ. ಸಾತಾರಾ ಕಡೆ ಹೋಗೂ ಬಸ್ಸು, ನಮ್ಮ ಕಡೆ ಹೋಗೂ ಬಸ್ಸು ಎಲ್ಲಾ ಅಲ್ಲೇ ಹಾರ್ನ್ ಹೊಡದು ಏರು ಹತ್ತತಿದ್ವು. ಅರ್ಧ ಹಾಡಿನ್ಯಾಗ ಹಾರ್ನ್ ಬಿತ್ತೋ, ಮತ್ತ ಮೊದಲಿಂದ. ನಾಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರ್ ಒಂದನ್ನ ಮುಂಬೈಯ ಗೆಳ್ಯಾ ಒಬ್ಬಂವ ಹತ್ತು ದಿನದ ಮಟ್ಟಿಗೆ ಕೊಟ್ಟಿದ್ದ. ಹತ್ತನೇ ದಿನ ಸಂಜಿ ಬಸ್ಸಿಗೆ ಅದನ್ನ ಹೊಳ್ಳಿ ಕಳಸಬೇಕಾಗಿತ್ತು. ಆ ಹತ್ತು ದಿನದಾಗ ಆಗಲಿಲ್ಲಂದ್ರ ಆಲ್ಬಮ್ ಆಗೂದೇ ಇಲ್ಲ ಅಂತ ನಾವು ನಂಬಿದ್ವಿ.

ಇದರ ನಡುವ ಕ್ಯಾಮೆರಾ. ದಿಲ್ಲಿ ಕಡೆಯಿಂದ ಪುಣೆಗೆ ಸಿನಿಮಾ ಕಲಿಯಾಕ ಬಂದ ಹುಡುಗಿ ಆಕಿ, ನಮ್ಮಕಿಂತ ಒಂದೆರಡು ವರ್ಷ ದೊಡ್ಡಾಕಿ. ಕೊನೇ ವರ್ಷದ ಕೆಲಸಂತ ನಮ್ಮನ್ನ ಆರಿಸ್ಕೊಂಡಿದ್ಳು. ಮುಂಜಾನೆ ಬಂದು ಮೂಲ್ಯಾಗ ಒಂದು ಡಬ್ಬಿ ಮ್ಯಾಲ ಕೂತು ಸುಮ್ನ ತಗೀತಿದ್ಳು. ಕ್ಯಾಮೆರಾ ಬಂತಂದ್ರ ಮನುಷ್ಯಾ ಏನೇನು ಆಗ್ತಾನ ಅಂತೀರಿ! ದಿನಕ್ಕ ನಾಕು ಮಾತು ಆಡದ ನಮ್ಮ ಡ್ರಮ್ಮಿನಾವ "ತಾಳ ಅಂದ್ರ ಮೌನದ ಅಸ್ಥಿಪಂಜರ" ಅಂತೆಲ್ಲಾ ಅಪ್ಪಣಿ ಕೊಡಾಕ ಸುರು ಮಾಡ್ದ. ನಾನೂ ಕಮ್ಮಿ ಏನಲ್ಲ. ತಲಿ ಬಾಚದ ಹಾಗ ಬಾಚಿಕೊಂಡು ಬರ್ತಿದ್ದೆ. ಆಕಿ ಒಂದು ಸಲ ನನ್ನ ಕಡೆ ಲೆನ್ಸ್ ತಿರುಗಿಸಿದ್ರ ಸಾಕು, ಅವತ್ತಿನ ಊಟ ಮರೀತಿದ್ದೆ.

ಬಂಗ್ಲೆಗೆ ಹತ್ತಿಯೇ ಒಂದು ದೊಡ್ಡ ಕಟ್ಟಡ ಏಳತಿತ್ತು. ಕೂಲಿ ಮಂದಿಯ ತಗಡಿನ ಶೆಡ್ಡುಗಳು ಸಾಲಾಗಿ ನಮ್ಮ ಗ್ಯಾರೇಜಿನ ಹಿಂದಿನ ಗ್ವಾಡಿಗೆ ಆನಿಕೊಂಡಿದ್ವು. ಹಿಂದಿನ ಗ್ವಾಡಿ ಬ್ಯಾರೆ ಕಟ್ಟೂ ತ್ರಾಸು ಯಾಕಂತ ನಮ್ಮದನ್ನ ಉಪಯೋಗಿಸಿದ್ರು. ಆ ಕಡೆ ನಮ್ಮ ಗ್ವಾಡಿಯೊಳಗ ಒಂದು ಕಬ್ಬಿಣದ ಕೊಂಡಿ ಇತ್ತು. ಅದಕ್ಕ ಒಂದು ತುದಿ, ಶೆಡ್ಡಿನ ಬಿದರಿಗೆ ಒಂದು ತುದಿ ಕಟ್ಟಿ, ಹಳೇ ಸೀರಿಯ ಜೋಳಿಗಿ ಮಾಡಿ ಒಂದು ಕೂಸನ್ನ ಮಲಗಸ್ತಿದ್ರು. ಅದರ ತಾಯಿ ನನ್ನ ವಾರಗಿಯಾಕಿ ಇದ್ದಾಳು. ಕಲಬುರ್ಗಿ ಕಡೆ ಮಾತು. ನೀರಿನ ನಳ ಬಂಗ್ಲೆ ಮುಂದ ಇದ್ದದ್ದಕ್ಕ ದಿನಾ ಕಾಣತಿದ್ಳು.

ನಾಕನೇ ದಿನವೋ ಐದನೇ ದಿನವೋ ಷಟರಿನ ಚೂಪು ತಗಡು ನನ್ನ ಹೆಬ್ಬೆರಳಿಗೆ ಹತ್ತಿತು. "ಅಯ್ಯಯ್ಯವ್ವಾ!" ಅಂತ ಬಾಯಿಂದ ಬಂತು. ನೋವಾದಾಗ ಯಾವ ಮಗಾನೂ ಹೊಸ್ತಿಲ ನೋಡೂದಿಲ್ಲ. ನಳದ ಹತ್ರ ಕೊಡ ಹಿಡ್ಕೊಂಡು ನಿಂತಾಕಿ ತಿರುಗಿ ನೋಡಿ, ಮಾರಿ ತುಂಬ ನಕ್ಕು, "ಯಣ್ಣಾ, ನೀವು ನಮ್ಮ ಕಡೇವ್ರೇನ್ರೀ?" ಅಂದ್ಳು.

ನಾ ಮರಾಠಿಯೊಳಗ "ಕಾಯ್?" ಅಂದೆ, ಏನಂದ್ಳೋ ತಿಳೀಲಾರದಾವ್ರ ಹಂಗ.

ಆಕಿ ನಗು ಹಂಗ ಇತ್ತು. ಏನೋ ಅನುಮಾನ ಆಗಿರಬೇಕು, ಕೊಡ ಎತ್ಕೊಂಡು ಹೋದ್ಳು. ಆದ್ರ ಡ್ರಮ್ಮಿನಾವ ಬಿಡಲಿಲ್ಲ. "ನಿನಗ ಆ ಭಾಷಾ ಬರ್ತದೇನೋ?" ಅಂತ ಎಲ್ಲಾರ ಮುಂದ ಕೇಳ್ದ. "ಸ್ವಲ್ಪ ಸ್ವಲ್ಪ. ಅಜ್ಜಿ ಮಾತಾಡ್ತಿದ್ಳು" ಅಂದೆ. ಹೆಂಗ ನೋಡ್ರಿ, ದಿನಾ ಮುಂಜಾನೆ ನನಗ ಡಬ್ಬಿ ಕಟ್ಟಿ ಕೊಡೂ ಅವ್ವನ್ನ ಬಿಟ್ಟು, ಸತ್ತ ಅಜ್ಜಿ ಮ್ಯಾಲ ಹಾಕಿದೆ.

ಹತ್ತನೇ ದಿನ ಬಂತು. ಒಂದ ಹಾಡು ಉಳದಿತ್ತು, ಎಲ್ಲಾಕಿಂತ ಗದ್ದಲದ್ದು. ಮುಂಜಾನೆಯಿಂದ ಹನ್ನೊಂದು ಸಲ ಬಾರಿಸಿದ್ವಿ, ಹನ್ನೊಂದೂ ಸಲ ಏನರೆ ಕೆಟ್ಟಿತ್ತು. ಮಧ್ಯಾಹ್ನ ಎರಡರ ಸುಮಾರು ಷಟರ್ ಅರ್ಧ ಎತ್ತಿ ಗಾಳಿಗೆ ಕೂತಿದ್ವಿ. ಆ ಕೂಸಿನ ತಾಯಿ ಬಂದು ಷಟರಿನ ಹೊರಗ ನಿಂತ್ಳು. ಕೆಲಸಕ್ಕ ಹೋಗಿದ್ದಿಲ್ಲ ಅವತ್ತು, ತಲಿ ಕೆದರಿತ್ತು, ಕಣ್ಣು ಕೆಂಪಾಗಿದ್ವು. ಕ್ಯಾಮೆರಾದ ಹುಡುಗಿ ಸರಕ್ಕನ ಲೆನ್ಸ್ ಆ ಕಡೆ ತಿರುಗಿಸಿದ್ಳು. ಆಕಿ ಯಾರ ಕಡೇನೂ ನೋಡದ ನೆಟ್ಟಗ ನನ್ನ ನೋಡಿ ಕನ್ನಡದಾಗ ಅಂದ್ಳು:

"ಯಣ್ಣಾ, ಎರಡ ದಿನ ಆತು ಕೂಸಿಗೆ ಜ್ವರ ಅದ. ಕಣ್ಣಿಗಿ ಕಣ್ಣ ಹತ್ತಿಲ್ಲ. ನೀವು ಬಾರಸಿದ್ರ ಗ್ವಾಡಿ ನಡಗತದ, ಜೋಳಿಗಿ ನಡಗತದ, ಕೂಸು ಬೆಚ್ಚಿ ಬೀಳತದ. ಒಂದ ತಾಸ ಬಂದ್ ಮಾಡ್ರಿ, ನಿದ್ದಿ ಮಾಡತದ. ಎದ್ದ ಮ್ಯಾಲ ಬಾರಸ್ರಿ. ಛಲೋ ಇದ್ದಾಗ ಅದಕ್ಕೂ ನಿಮ್ಮ ಬಾಜಾ ಭಾಳ ಸೇರತದ."

ಇಷ್ಟ. ಒಂದ ತಾಸು.

"ಏನಂತಾಳ?" ಅಂತ ಹಾಡಾವ ಕೇಳ್ದ. ಎಲ್ಲಾರೂ ನನ್ನ ಮಾರಿ ನೋಡಿದ್ರು. ಕ್ಯಾಮೆರಾನೂ ನನ್ನ ಮಾರಿ ಮ್ಯಾಲ ಬಂತು. ಸಂಜಿ ಐದಕ್ಕ ರೆಕಾರ್ಡರ್ ಬಸ್ಸಿಗೆ ಹಾಕಬೇಕು. ಒಂದು ತಾಸು ಬಿಟ್ರ ಉಳಿಯೂದು ಎರಡು ತಾಸು. ಎರಡು ತಾಸಿನ್ಯಾಗ ಆಗ್ತಿತ್ತೋ ಇಲ್ಲೋ, ದೇವರಿಗೇ ಗೊತ್ತು. ಆದ್ರ ಸಮಯದ್ದೊಂದ ಚಿಂತಿ ಅಲ್ಲ. ನಾ ಕನ್ನಡದಾಗ ಆಕಿಗೆ ಉತ್ತರ ಕೊಡಬೇಕಾಗ್ತಿತ್ತು, ಕ್ಯಾಮೆರಾ ಮುಂದ, ಆಕಿ ಅಣ್ಣನ ಹಂಗ. ಅದಕ್ಕ ಹೆದರಿದೆ. ಆಕಿಗೆ ಒಂದಿಷ್ಟು ಹಿಂದಿ ತಿಳೀತಿತ್ತು ಅಂತನೂ ನನಗ ಗೊತ್ತಿತ್ತು. ಅದಕ್ಕ ಇಂಗ್ಲಿಷಿನ್ಯಾಗ ಹೇಳಿದೆ. ನಾವು ಬಾರಿಸಿದ್ರ ಇವರ ಜೋಳಿಗಿ ಅಳ್ಳಾಡ್ತದಂತ, ಕೂಸು ಅದರಾಗ ಕುಣೀತದಂತ, ನಮ್ಮ ಸಂಗೀತ ಅದಕ್ಕ ಭಾಳ ಸೇರತದಂತ.

ಎಲ್ಲಾರೂ ಹೋ ಅಂತ ನಕ್ರು. ಡ್ರಮ್ಮಿನಾವ ಕೋಲು ಮ್ಯಾಲ ಎತ್ತಿ ಆಕಿಗೆ ಸಲಾಮ್ ಹೊಡದ. ಕ್ಯಾಮೆರಾದ ಹುಡುಗಿ ಲೆನ್ಸಿನ ಹಿಂದ ನಗತಿದ್ಳು, ನನ್ನ ಕಡೆ ನೋಡಿ ನಗತಿದ್ಳು. ನಾವೆಲ್ಲಾ ನಗೂದನ್ನ ನೋಡಿ ಆಕೀನೂ ನಕ್ಳು. ಒಪ್ಪಿದ್ರು ಅಂತ ತಿಳ್ಕೊಂಡ್ಳು. ಎರಡೂ ಕೈ ಮುಗದು "ಪುಣ್ಯಾ ಬರ್ತದ್ರಿ ಯಪ್ಪಾ" ಅಂದು ಲಗುಲಗು ಹೋದ್ಳು. ಕೂಸನ್ನ ಮಲಗಸೂ ಗಡಿಬಿಡಿ ಆಕಿಗೆ.

ಐದು ನಿಮಿಷಕ್ಕ ಷಟರ್ ಇಳಿಸಿ ಹನ್ನೆರಡನೇ ಸಲ ಬಾರಿಸಾಕ ಸುರು ಮಾಡಿದ್ವಿ.

ಥೂ ನನ್ನ ಜನ್ಮಕ್ಕ! ನಾ ಗ್ವಾಡಿಗೆ ಬೆನ್ನು ಹಚ್ಚಿ ನಿಂತಿದ್ದೆ. ಡ್ರಮ್ಮಿನ ಒಂದೊಂದು ಪೆಟ್ಟೂ ಬೆನ್ನಿಗೆ ತಾಗತಿತ್ತು. ನನ್ನ ಬಾಸಿನ ದಪ್ಪ ದನಿ ಅದಕ್ಕಿಂತ ಹೆಚ್ಚು ನಡಗಸ್ತಿತ್ತು. ಆ ಕಡೆ ಅದೇ ಗ್ವಾಡಿಗೆ ಕೊಂಡಿ. ತಪ್ಪದ ಬಾರಿಸಿದೆ. ಅವತ್ತು ನನ್ನಷ್ಟು ಚೊಕ್ಕ ಯಾರೂ ಬಾರಿಸಲಿಲ್ಲ.

ಅದ ಸಲಕ್ಕ ಹಾಡು ಮುಗೀತು. ಷಟರ್ ಎತ್ತಿದ್ರ ಆಕಿ ಹೊರಗ ಉಸುಕಿನ ಗುಂಪಿ ಮ್ಯಾಲ ಕೂತಿದ್ಳು. ಜೋಳಿಗಿ ಬಿಚ್ಚಿ ಆ ಸೀರೀನ ಕೂಸಿಗೆ ನೆರಳು ಮಾಡಿದ್ಳು. ಹಾಯ್ವೇ ಕಡೆ ಮಾರಿ ಮಾಡಿ, ಕೂಸನ್ನ ತೊಡಿ ಮ್ಯಾಲ ಹಾಕ್ಕೊಂಡು ಮುಂದ ಹಿಂದ ತೂಗತಿದ್ಳು. ನನ್ನ ಕಡೆ ಒಂದು ಸಲ ನೋಡಿದ್ಳು. ಬೈದಿದ್ರ ಛಲೋ ಇತ್ತು. ಸುಮ್ನ ನೋಡಿ ಮಾರಿ ತಿರುಗಿಸಿದ್ಳು. ಕ್ಯಾಮೆರಾದ ಹುಡುಗಿ "ಅಯ್ಯೋ, ಎಷ್ಟ ಛಂದ!" ಅಂತ ಓಡಿ ಹೋಗಿ ಅದನ್ನ ದೂರದಿಂದ ತಗದ್ಳು.

ಸಂಜಿ ರೆಕಾರ್ಡರ್ ಕಳಿಸಿದ್ವಿ. ಸಾಮಾನು ಕಟ್ಟಿಕೊಂಡು ಮನಿಗೆ ಹೋದ್ವಿ. ಮತ್ತ ನಾ ಆ ಕಡೆ ಕಾಲಿಡಲಿಲ್ಲ.

ಏಳೆಂಟು ತಿಂಗಳ ಮ್ಯಾಲ ಸಿನಿಮಾ ತೋರಿಸಿದ್ರು, ಕಾಲೇಜೊಂದರ ಸಣ್ಣ ಹಾಲಿನ್ಯಾಗ. ಅಪ್ಪ ಅವ್ವಗ ಬರಬ್ಯಾಡ್ರಿ ಅನ್ನಾಕ ಕಾರಣ ಸಿಗಲಿಲ್ಲ. ಅಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡಿದ್ದ. ಅವ್ವ ಇಳಕಲ್ ಸೀರಿ ಉಟ್ಟಿದ್ಳು. ಆ ಸೀನು ಅಷ್ಟು ಉದ್ದಾ ಇರಲಿಕ್ಕಿಲ್ಲ, ತಗದ ಹಾಕಿರ್ತಾರ, ಇದ್ರೂ ಅವ್ವಗ ಕೇಳಸಲಿಕ್ಕಿಲ್ಲ ಅಂತ ಮನಸ್ಸಿನ್ಯಾಗ ಏನೇನೋ ಹೇಳ್ಕೋತ ಕೂತೆ.

ಪೂರ್ತಿ ಇತ್ತು. ಆಕಿ ಮಾತು ಒಂದೊಂದೂ ಸ್ವಚ್ಛ ಕೇಳಸ್ತಿತ್ತು. ಕೆಳಗ ಇಂಗ್ಲಿಷ್ ಅಕ್ಷರದಾಗ, ಆಕಿ ಮಾತಿನ ಅನುವಾದ ಅಂತ, ನನ್ನ ಸುಳ್ಳು. ಅವ್ವ ಮೆಟ್ರಿಕ್ ಪಾಸಾದಾಕಿ, ಅಷ್ಟು ಇಂಗ್ಲಿಷ್ ಓದತಿದ್ಳು. ಇಡೀ ಹಾಲು ನಕ್ಕಿತು. ಅಪ್ಪ ಒಂದು ಗಳಗಿ ತಡದು, ಏನೋ ಕೇಳಿಸಿತೋ ಬಿಟ್ಟಿತೋ ಅನ್ನೂವಂಗ ಅತ್ತಿತ್ತ ನೋಡಿ, ತಾನೂ ನಕ್ಕ. ಅವ್ವ ನಗಲಿಲ್ಲ. ಸೆರಗು ತುಟಿಗೆ ಹಿಡ್ಕೊಂಡಿದ್ಳು. ಅಷ್ಟು ಮಂದಿಯೊಳಗ ಆ ಹೆಣ್ಣಮಗಳ ಮಾತು ಮುಟ್ಟಿದ್ದು ಅವ್ವ ಒಬ್ಬಾಕಿಗೆ. ಸಿನಿಮಾ ಮುಗದದ್ದು ಉಸುಕಿನ ಗುಂಪಿ ಮ್ಯಾಲ. ತಾಯಿ ಕೂಸನ್ನ ತೂಗ್ತಾಳ, ಹಿಂದ ನಮ್ಮ ಹಾಡು, ನಮ್ಮ ಹಾಡಿಗೇ ತೂಗ್ತಾಳೇನೋ ಅನ್ನೂ ಹಂಗ. ಎಲ್ಲಾರೂ ಎದ್ದು ನಿಂತು ಚಪ್ಪಾಳಿ ಹೊಡದ್ರು.

ಕ್ಯಾಮೆರಾದ ಹುಡುಗಿ ಓಡಿ ಬಂದು ಅವ್ವನ ಕೈ ಹಿಡದು, "ಆಂಟೀ, ಹೆಂಗಿತ್ತು?" ಅಂತ ಹಿಂದಿಯೊಳಗ ಕೇಳಿದ್ಳು. ಅವ್ವ ನನ್ನ ಕಡೆ ನೋಡಲಿಲ್ಲ. "ಅಚ್ಛಾ ಹೈ" ಅಂದ್ಳು. ಹುಟ್ಟಾ ಸುಳ್ಳ ಆಡದ ಹೆಣ್ಣಮಗಳು. ನನ್ನ ಸಲುವಾಗಿ ಅಂದ್ಳು.

ಲೋಕಲ್ ಟ್ರೇನಿನ್ಯಾಗ ಚಿಂಚವಾಡ ಬರೂ ತನಕ ಅಪ್ಪ ಒಬ್ಬನ ಮಾತಾಡಿದ. ಮನಿಗೆ ಬಂದು, ಅಡಗಿ ಮನ್ಯಾಗ ನೀರು ಕುಡಿಯಾಕ ಹೋದಾಗ ಅವ್ವ ಕೇಳಿದ್ಳು, "ಆ ಕೂಸು ಏನಾತೋ?"

"ಯಾವ ಕೂಸು?" ಅಂದೆ.

"ಹಂಗ ಕೇಳಬ್ಯಾಡ ನನಗ."

"ಗೊತ್ತಿಲ್ಲವ್ವಾ."

"ಮರುದಿನರೆ ಹೋಗಿ ಕೇಳಿದ್ದ್ಯೇನು?"

ಹೋಗಿದ್ದಿಲ್ಲ ನಾ. ಆಮ್ಯಾಲ, ಏನು ದರಿದ್ರ ಬುದ್ಧಿ ನಂದು, "ನಾ ಪೂರಾ ಸುಳ್ಳ ಹೇಳಿಲ್ಲ. ಕೂಸಿಗೆ ಸೇರತದಂತ ಆಕೀನ ಅಂದ್ಳಲ್ಲ" ಅಂದೆ.

"ಎದ್ದ ಮ್ಯಾಲ ಅಂದ್ಳೋ," ಅಂದ್ಳು ಅವ್ವ. "ನಿದ್ದಿ ಮಾಡಿ ಎದ್ದ ಮ್ಯಾಲ." ಇಷ್ಟು ಅಂದು ಕುಕ್ಕರಿಗೆ ಅಕ್ಕಿ ಹಾಕಿದ್ಳು.

ಬರೂ ರವಿವಾರ ನನ್ನ ಕರ್ಕೊಂಡು ಕಾತ್ರಜಕ್ಕ ಹೊಂಟ್ಳು. ಎರಡು ಬಸ್ಸು ಬದಲಿಸಿ ಹೋದ್ವಿ. ಕೈಚೀಲದಾಗ ಒಂದು ಕುಂಚಿಗಿ ಇಟ್ಕೊಂಡಿದ್ಳು. ನಂದೇ ಅದು, ನಾ ಕೂಸಿದ್ದಾಗ ತಲಿಗೆ ಕಟ್ಟತಿದ್ದದ್ದು. ಅಜ್ಜಿ ಕೈಲೆ ಹೊಲದದ್ದು ಅಂತ ಟ್ರಂಕಿನ್ಯಾಗ ಜ್ವಾಕಿ ಮಾಡಿದ್ಳು. ಅಲ್ಲಿ ಕಟ್ಟಡ ಮುಗದು ಬಣ್ಣ ಆಗಿತ್ತು, ಬಾಲ್ಕನಿಯೊಳಗ ಅರಿವಿ ಒಣಗತಿದ್ವು. ಶೆಡ್ಡು ಒಂದೂ ಇದ್ದಿಲ್ಲ. ಅವ್ವ ವಾಚ್‌ಮನ್ನಗ ಮರಾಠಿಯೊಳಗ ಕೇಳಿದ್ಳು. "ಬಿಗಾರಿ ಮಂದೀನ? ಅವ್ರು ಒಂದ ಕಡೆ ಇರ್ತಾರೇನ್ರಿ ಬಾಈ? ಸ್ಲ್ಯಾಬ್ ಮುಗೀತು, ಬ್ಯಾರೆ ಸೈಟಿಗೆ ಹೋದ್ರು" ಅಂದ. ಎಲ್ಲಿ ಅಂದ್ರ ಕೈ ಎತ್ತಿ ಇಡೀ ಊರು ತೋರಿಸಿದ. ಜ್ವರ ಬಂದ ಕೂಸೊಂದು ಇತ್ತಲ್ಲ ಅಂದ್ರ, "ಎಷ್ಟೋ ಕೂಸು ಇದ್ವು" ಅಂದ.

ಗ್ಯಾರೇಜಿನ ಹಿಂದಿನ ಗ್ವಾಡಿಗೆ ಹೋದ್ವಿ. ಕೊಂಡಿ ಹಂಗ ಇತ್ತು, ಸೀರಿಯ ಹರಕು ಒಂದು ತುಂಡು ಅದಕ್ಕ ಗಂಟು ಬಿದ್ದಿತ್ತು. ಅವ್ವ ಗಂಟು ಬಿಚ್ಚಾಕ ನೋಡಿದ್ಳು, ಬರಲಿಲ್ಲ. ಬಿಟ್ಟು ಬಂದ್ವಿ. ಕುಂಚಿಗಿ ಹೊಳ್ಳಿ ಟ್ರಂಕಿಗೆ ಹೋತು. ಆ ಮಾತು ಮತ್ತ ಎತ್ತಲಿಲ್ಲ ಆಕಿ, ಎತ್ತಿದ್ರ ನನಗ ಹಗರಾಗ್ತಿತ್ತು.

ಬ್ಯಾಂಡು ಮುರೀತು, ನಾ ಔಷಧ ಕಂಪನಿಯೊಂದರೊಳಗ ಮಾರಾಟದ ಕೆಲಸಕ್ಕ ಸೇರಿದೆ. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷಕ್ಕ ಕ್ಯಾಮೆರಾದ ಹುಡುಗಿಯಿಂದ ಈಮೇಲ್ ಬಂತು. ಸಿನಿಮಾದ ಡಿವಿಡಿ ಮಾಡಸ್ತಾಳಂತ. ಪರದೆ ಕೆಳಗಿನ ಇಂಗ್ಲಿಷ್ ಸಾಲುಗಳನ್ನೆಲ್ಲಾ ಕಳಿಸಿ, "ಕನ್ನಡ ನಿನಗೊಬ್ಬನಿಗೇ ಗೊತ್ತು, ತಪ್ಪಿದ್ರ ತಿದ್ದು" ಅಂತ ಬರದಿದ್ಳು.

ಒಂದು ವಾರ ಆ ಈಮೇಲ್ ತಗದು ತಗದು ಓದಿದೆ. ನಾಕು ಸಾಲು ತಿದ್ದಿದ್ರ ಮುಗೀತಿತ್ತು. ಆದ್ರ ತಿದ್ದಿದ್ರ ಆಕಿಗೆ ಗೊತ್ತಾಗ್ತದ, ಹಾಡಾವಗ ಗೊತ್ತಾಗ್ತದ, ಡ್ರಮ್ಮಿನಾವಗ ಗೊತ್ತಾಗ್ತದ. ನೋಡೂ ಪ್ರತಿಯೊಬ್ಬರಿಗೂ ಅದ ಪರದೆ ಮ್ಯಾಲ ನಾ ಬಾಯಿ ತಗದು ಸುಳ್ಳ ಹೇಳೂದು ಕಾಣ್ತದ. ಎಂಟನೇ ದಿನ ಬರದೆ: ಆ ಸೀನಿನಿಂದ ಸಿನಿಮಾ ಎಳದಂಗ ಆಗ್ತದ, ಬಡವರನ್ನ ತೋರಿಸಿ ಚಪ್ಪಾಳಿ ತಗೊಂಡಂಗ ಕಾಣ್ತದ, ಪೂರಾ ತಗದ್ರ ಛಲೋ. ಎಂಥಾ ದೊಡ್ಡ ಮಾತು ನೋಡ್ರಿ! ಆಕಿ ನನ್ನ ಸೂಕ್ಷ್ಮ ಮನಸ್ಸಿಗೆ ಥ್ಯಾಂಕ್ಸ್ ಹೇಳಿದ್ಳು. ಆ ಸೀನು ಹೋತು, ಅದು ಇಲ್ಲದ ಮ್ಯಾಲ ಅರ್ಥ ಇಲ್ಲಂತ ಉಸುಕಿನ ಗುಂಪಿನೂ ಹೋತು.

ಡಿವಿಡಿ ಪೋಸ್ಟಿನ್ಯಾಗ ಬಂತು. ಅವ್ವನ್ನ ಕರದು ಟಿವಿ ಮುಂದ ಕುಂದರಿಸಿದೆ. ಆವಾಗ ನನಗ ಖರೇನ ಸಮಾಧಾನ ಆಗಿತ್ತು, ಏನೋ ಒಂದು ಛಲೋ ಕೆಲಸ ಮಾಡಿ ತೋರಿಸೂ ಹಂಗ ಕೂತಿದ್ದೆ. ಸಿನಿಮಾ ನಡೀತು. ಕೊನೇ ಹಾಡು ಬಂತು. ಅವ್ವ ಕನ್ನಡಕ ಏರಿಸ್ಕೊಂಡ್ಳು.

"ಆ ಹೆಣ್ಣಮಗಳು ಇನ್ನೂ ಬರಲಿಲ್ಲಲ್ಲ?"

"ತಗಸಿಬಿಟ್ಟೆನವ್ವಾ," ಅಂದೆ. "ಆ ಸುಳ್ಳು ಇನ್ನ ಯಾರಿಗೂ ಕಾಣೂದಿಲ್ಲ."

ಅವ್ವ ಟಿವಿ ಕಡೆಯಿಂದ ಮಾರಿ ತಿರುಗಿಸಿ ನನ್ನ ನೋಡಿದ್ಳು. ಅವತ್ತು ಉಸುಕಿನ ಗುಂಪಿ ಮ್ಯಾಲ ಕೂತಾಕಿ ನೋಡಿದಂಗನ, ಸಿಟ್ಟಿಲ್ಲದ.

"ಸುಳ್ಳ ಹೇಳ್ದಾವ ನೀನು," ಅಂದ್ಳು. "ನೀ ಅಲ್ಲೇ ನಿಂತು ಬಾರಸಾಕ ಹತ್ತೀಯಲ್ಲೋ. ಹೊರಗ ಹಾಕಿದ್ದು ಆಕೀನ್ನೇನು?"

ಟಿವಿಯೊಳಗ ಹನ್ನೆರಡನೇ ಸಲದ ಆ ಹಾಡು ನಡದಿತ್ತು. ಗ್ವಾಡಿಗೆ ಬೆನ್ನು ಹಚ್ಚಿ, ಕಣ್ಣು ಮುಚ್ಚಿ, ನಾ ಭಾಳ ಚೊಕ್ಕ ಬಾರಸ್ತಿದ್ದೆ. ಅವ್ವ ರಿಮೋಟ್ ತಗೊಂಡು ಬಂದ್ ಮಾಡಿದ್ಳು. ಆಮ್ಯಾಲ ಒಂದು ತಾಸು ಇಬ್ಬರೂ ಅಲ್ಲೇ ಕೂತಿದ್ವಿ, ಬಂದ್ ಆದ ಟಿವಿ ಮುಂದ.